ಶೇಂಗಾ ಗೋಡೌನಿನಲ್ಲಿ ಕೇಳಿದ ಪದ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆಗಲೂ ನಂಬುತ್ತಿರಲಿಲ್ಲ, ಈಗಲೂ ನಂಬುವುದಿಲ್ಲ. ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ಕಾಲದಲ್ಲಿ ಭಾನುವಾರ ಬಂತೆಂದರೆ ಹಳ್ಳಿಗಳಿಗೆ ಹೋಗಿ, ನಿಂಬೆಹಣ್ಣಿನಿಂದ ರಕ್ತ ಬರಿಸಿ, ತೆಂಗಿನಕಾಯಿಗೆ ತಾನಾಗಿಯೇ ಬೆಂಕಿ ಹತ್ತುವಂತೆ ಮಾಡಿ, ಆಮೇಲೆ ಅದರ ಗುಟ್ಟನ್ನು ಎಲ್ಲರೆದುರು ಬಿಚ್ಚಿಡುತ್ತಿದ್ದವಳು ನಾನು. ದೆವ್ವ ಕಂಡೆ ಅಂತ ಯಾರಾದರೂ ಬಂದರೆ, "ಏನು ಊಟ ಮಾಡಿದ್ರಿ, ನಿದ್ದೆ ಸರಿಯಾಗಿತ್ತಾ?" ಅಂತ ಕೇಳಿ ಅವರ ಮುಖ ಸಣ್ಣದು ಮಾಡಿ ಕಳಿಸುತ್ತಿದ್ದೆ. ನಮ್ಮವ್ವ, "ಇವಳಿಗೆ ಬಾಯಿ ಕೊಟ್ಟ ದೇವ್ರು ಭಯ ಕೊಡೋದು ಮರ್ತ" ಅಂತ ಬೈಯುತ್ತಿದ್ದಳು.

ಇದನ್ನು ಓದಿ ನೀವು ಅದೇ ಪ್ರಶ್ನೆಯನ್ನು ನನಗೂ ಕೇಳಬಹುದು. ಧಾರಾಳವಾಗಿ ಕೇಳಿ. ಅವತ್ತು ನಾನು ಉಪ್ಪಿಟ್ಟು ತಿಂದಿದ್ದೆ, ಹಿಂದಿನ ರಾತ್ರಿ ಗಡದ್ದಾಗಿ ನಿದ್ದೆ ಮಾಡಿದ್ದೆ, ಮೈಯಲ್ಲಿ ಜ್ವರ ಇರಲಿಲ್ಲ. ಅಮಾವಾಸ್ಯೆ ಅಲ್ಲ, ನಡುರಾತ್ರಿ ಅಲ್ಲ, ಸ್ಮಶಾನ ಅಲ್ಲ. ಹಾಡುಹಗಲಲ್ಲಿ, ಎಣ್ಣೆ ಗಿರಣಿಯ ಗೋಡೌನಿನಲ್ಲಿ, ಜನ ತುಂಬಿದ್ದಾಗ ನಡೆದದ್ದು. "ಇದನ್ನ ಹೊರಗೆ ಹೇಳಬೇಡ, ಇಷ್ಟು ವರ್ಷ ಮಾಡಿದ ಕೆಲಸಕ್ಕೆಲ್ಲ ಮಸಿ ಬಳ್ಕೊಂಡಂಗಾಗುತ್ತೆ" ಎಂದು ಗೆಳೆಯರು ಬುದ್ಧಿ ಹೇಳಿದ್ದಾರೆ. ನೋಡಿದ್ದನ್ನು ನೋಡಿಲ್ಲ ಅನ್ನುವುದು ಯಾವ ಸೀಮೆ ವಿಜ್ಞಾನವೋ ನನಗೆ ಗೊತ್ತಿಲ್ಲ. ನಾನು ಹೇಳುವವಳೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಕಡೆ ಕ್ಷಯ ಬಹಳ ಇತ್ತು. ಗಿರಣಿಗಳಲ್ಲಿ ಶೇಂಗಾ ಕೇರುವ ಹೆಂಗಸರು, ಮೊಳಕಾಲ್ಮುರಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವ ನೇಕಾರರು, ಕುರಿ ಕಾಯುವವರು, ಯಾರನ್ನೂ ಬಿಟ್ಟಿರಲಿಲ್ಲ. ಮಾತ್ರೆ ಸರ್ಕಾರವೇ ಕೊಡುತ್ತಿತ್ತು. ಆದರೆ ಜನ ನಡುವೆಯೇ ಬಿಟ್ಟುಬಿಡುತ್ತಿದ್ದರು. ಆಸ್ಪತ್ರೆ ಬಾಗಿಲಲ್ಲಿ ಯಾರಾದರೂ ಕಂಡರೆ ಮಾನ ಹೋಯಿತು ಅನ್ನುವ ಭಯ. ಕಾಯಿಲೆಗಿಂತ ಕಾಯಿಲೆಯ ಹೆಸರೇ ಜನರನ್ನು ಹೆಚ್ಚು ತಿನ್ನುತ್ತಿತ್ತು ಅಂತ ನನಗೆ ಸಿಟ್ಟು ಬರುತ್ತಿತ್ತು. ಭಾಷಣ ಮಾಡಿದರೆ ಯಾರು ಕೇಳುತ್ತಾರೆ? ಹಾಗಾಗಿ ರೋಗಗಳ ಕಥೆಯನ್ನೇ ಒಂದು ಆಟ ಮಾಡೋಣ ಅನ್ನಿಸಿತು. ಸಿಡುಬು ಹೇಗೆ ಬಂತು, ಹೇಗೆ ಹೋಯಿತು. ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ನಮ್ಮ ಅಜ್ಜ ಅಜ್ಜಿಯರು ಹೇಗೆ ಬದುಕಿದರು. ಈಗ ಈ ಕ್ಷಯವನ್ನು ಹೇಗೆ ಅಟ್ಟುವುದು. ಅರ್ಧ ತೊಗಲುಗೊಂಬೆ, ಅರ್ಧ ಸ್ಲೈಡ್ ಪ್ರೊಜೆಕ್ಟರಿನ ಚಿತ್ರ, ಜೊತೆಗೆ ಟೇಪ್ ರೆಕಾರ್ಡರಿನಲ್ಲಿ ಹಲಗೆ, ಸನಾದಿ. ಹಳೆಯ ಫೋಟೋಗಳನ್ನು ಹುಡುಕಿ ತಂದು, ಸ್ಟುಡಿಯೋದವನ ಕಾಲು ಕೈ ಹಿಡಿದು ಸ್ಲೈಡ್ ಮಾಡಿಸಿದೆ.

ಗೊಂಬೆಯವರು ಬೇಕಲ್ಲ. ದೇವಸಮುದ್ರದ ಕಡೆಯ ಒಂದು ಹಟ್ಟಿಯಲ್ಲಿ ಈರಣ್ಣ ಎಂಬ ಹಿರಿಯ ಇದ್ದ. ತಲೆತಲಾಂತರದಿಂದ ತೊಗಲುಗೊಂಬೆ ಆಡಿಸುವ ಮನೆತನ. ಅವನು ಗೊಂಬೆ ಹಿಡಿಯುತ್ತಿದ್ದ, ಮಗ ತಿಪ್ಪೇಶ ಮದ್ದಲೆ ಬಾರಿಸುತ್ತಿದ್ದ. ಪರದೆಯ ಹಿಂದೆ ಕೂತು ಪದ ಹಾಡುವುದು ಆ ಮನೆಗಳಲ್ಲಿ ಹೆಂಗಸರ ಕೆಲಸ. ತಿಪ್ಪೇಶನ ಹೆಂಡತಿ ಹನುಮಕ್ಕ ಹಾಡುತ್ತಿದ್ದಳು. ಹಾಡುತ್ತಿದ್ದಳು ಅಂದೆನಲ್ಲ, ನಾನು ಹೋಗುವ ಹೊತ್ತಿಗೆ ಅವಳನ್ನು ನಿಲ್ಲಿಸಿದ್ದರು.

ಯಾಕೆ ಅಂದರೆ ಅವಳಿಗೂ ಕ್ಷಯ ಬಂದಿತ್ತು. ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿ, ಕಫ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಡಾಕ್ಟರ ಬಾಯಲ್ಲೇ ಹೇಳಿಸಿಕೊಂಡು ಬಂದಿದ್ದಳು. ಆದರೆ ಈರಣ್ಣ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ರಕ್ತ ಕಾರಿದ ಬಾಯಿ ಅದು. ಪರದೆ ಹಿಂದೆ ಗಣಪತಿ ಅವ್ನೆ, ಸರಸ್ವತಿ ಅವ್ಳೆ. ಆ ಉಸ್ರು ದೇವ್ರ ಮ್ಯಾಲೆ ಬೀಳಬಾರ್ದು" ಎಂಬುದು ಅವನ ವಾದ. ಅವಳ ಜಾಗಕ್ಕೆ ತನ್ನ ಅಣ್ಣನ ಸೊಸೆಯನ್ನು ಕೂರಿಸುವ ಮಾತೂ ನಡೆದಿತ್ತು. ಹನುಮಕ್ಕನಿಗೆ ಲೋಟ ಬೇರೆ, ತಟ್ಟೆ ಬೇರೆ. ಆಟ ಇದ್ದ ದಿನ ಅವಳು ಗೊಂಬೆ ಪೆಟ್ಟಿಗೆಯ ಹತ್ತಿರವೂ ಸುಳಿಯುವಂತಿರಲಿಲ್ಲ.

ನಾನು ಬಿಡುತ್ತೇನೆಯೇ? "ಕ್ಷಯ ವಾಸಿಯಾಗುತ್ತೆ ಅಂತ ಆಟ ಆಡಿ, ವಾಸಿಯಾದವಳನ್ನೇ ಹೊರಗಿಟ್ಟರೆ ಜನ ಉಗೀತಾರೆ ಈರಣ್ಣ. ಅವಳು ಹಾಡೋದಾದ್ರೆ ಆಟ, ಇಲ್ಲಾಂದ್ರೆ ಇಲ್ಲ" ಅಂದೆ. ಮುದುಕ ಸೇದುತ್ತಿದ್ದ ಬೀಡಿಯನ್ನು ನೆಲಕ್ಕೆ ಹೊಸಕಿದ. ಕೊನೆಗೆ, "ಒಂದಾಟ ನೋಡ್ತೀನಿ ಟೀಚರಮ್ಮ. ಪದ ಕಡೀದಂಗೆ ಕೊನೀತನ ಹಾಡಿದ್ಲಾ, ಅವಳ ಜಾಗ ಅವಳಿಗೆ. ನಡುವೆ ಕೆಮ್ಮು ಬಂತಾ, ಅವತ್ತಿಗೆ ಮುಗೀತು. ಆಮ್ಯಾಕೆ ನೀವು ಬಂದು ನ್ಯಾಯ ಹೇಳಂಗಿಲ್ಲ" ಅಂದ. ನಾನು ಬಾಯಿ ತೆರೆಯುವ ಮುಂಚೆಯೇ ಒಳಗಿನಿಂದ ಹನುಮಕ್ಕ, "ಆಗ್ಲಿ ಮಾವ" ಅಂದಳು.

ಹೆಣ್ಣೆಂದರೆ ಹೆಣ್ಣು ಅವಳು. ಅಭ್ಯಾಸದ ದಿನಗಳಲ್ಲಿ ನನ್ನ ಪಕ್ಕ ಕೂತು ಒಂದು ಮಾತು ಹೇಳಿದ್ದಳು: "ನಮ್ಮತ್ತೆ ಓಬಕ್ಕನೂ ಇದ್ರಲ್ಲೇ ಹೋದ್ಲು ಟೀಚರಮ್ಮ, ನಾನು ಈ ಮನೀಗೆ ಬರೋಕ್ಮುಂಚೆ. ಬೇಲಿ ಆಚೆ ಗುಡ್ಲಾಕಿ ಮಡಗಿದ್ರಂತೆ. ಕಲ್ಲಿನ ಮ್ಯಾಲೆ ಅನ್ನ ಇಟ್ಟು ಬರ್ತಿದ್ರಂತೆ. ಇತ್ಲಾಗೆ ಆಟ ನಡೀತಿದ್ರೆ ಅತ್ಲಾಗೆ ಅವಳು ಒಬ್ಳೇ ಪದ ಹೇಳ್ತಿದ್ಲಂತೆ. ನಾನು ಹಂಗೆ ಸಾಯಲ್ಲ ನೋಡ್ರಿ. ಹಾಡ್ತಾನೇ ಇರ್ತೀನಿ, ಪರದೆ ಹಿಂದೇನೇ."  

ಆಟಕ್ಕೆ ಒಂದು ಹೊಸ ಗೊಂಬೆ ಬೇಕಿತ್ತು, ರೋಗದ್ದು. ನನ್ನ ಲೆಕ್ಕದಲ್ಲಿ ಅದೊಂದು ರಾಕ್ಷಸ. ಈರಣ್ಣ ಒಪ್ಪಲಿಲ್ಲ. ರೋಗವೆಂದರೆ ತಾಯಿ, ಅವಳನ್ನು ಹೊಡೆದು ಅಟ್ಟಬಾರದು, ಮೊಸರನ್ನ ಉಣಿಸಿ, ಪದ ಹೇಳಿ, ಊರ ಗಡಿ ದಾಟಿಸಿ ಬರಬೇಕು, ಬರುವಾಗ ಹಿಂದಿರುಗಿ ನೋಡಬಾರದು, ಅದು ಅವರ ಪದ್ಧತಿ. ಜಗಳವಾಡಿ ಸಾಕಾಗಿ, ಹೆಣ್ಣುರೂಪಕ್ಕೆ ನಾನೂ ಹೂಂ ಅಂದೆ. ಹೊಸ ತೊಗಲು ಹದ ಮಾಡಲು ದಿನ ಇರಲಿಲ್ಲ. ಗೊಂಬೆ ಹಳತಾದರೆ ಅವರು ಎಸೆಯುವುದಿಲ್ಲ, ಪೂಜೆ ಮಾಡಿ ಹೊಳೆಗೆ ಬಿಡುತ್ತಾರೆ. ಆದರೆ ನಮ್ಮ ಸೀಮೆಯ ಹೊಳೆಯಲ್ಲಿ ನೀರೆಲ್ಲಿಂದ ಬರಬೇಕು? ಎಷ್ಟೋ ವರ್ಷದಿಂದ ಮರಳು. ಹಾಗಾಗಿ ಮುಪ್ಪಾದ ಗೊಂಬೆಗಳೆಲ್ಲ ಒಂದು ಗೋಣಿಚೀಲದಲ್ಲಿ ನೀರಿಗಾಗಿ ಕಾಯುತ್ತಾ ಅಟ್ಟದ ಮೇಲಿದ್ದವು. ಈರಣ್ಣ ಅದರಲ್ಲೊಂದು ದೊಡ್ಡ ಹೆಣ್ಣುಗೊಂಬೆ ತೆಗೆದು, ಅಂಚು ಕತ್ತರಿಸಿ, ಹೊಸ ಬಣ್ಣ ಹಾಕಿ ರೋಗದ ತಾಯಿ ಮಾಡಿದ. ಅದು ಓಬಕ್ಕ ಇದ್ದ ಕಾಲದಲ್ಲಿ ಅವಳೇ ದನಿ ಕೊಡುತ್ತಿದ್ದ ಗೊಂಬೆ ಎಂದು ನನಗೆ ಆಮೇಲೆ ತಿಳಿಯಿತು.

ಗಿರಣಿಯ ಹೆಂಗಸರು ಕತ್ತಲಾದ ಮೇಲೆ ಬರಲಾರರು, ಮನೆಯಲ್ಲಿ ಮುದ್ದೆ ತಿರುವಬೇಕು. ಅದೂ ಅಲ್ಲದೆ ಸಂಜೆ ಕರೆಂಟಿನ ಭರವಸೆ ಇರಲಿಲ್ಲ. ಆದ್ದರಿಂದ ಮಧ್ಯಾಹ್ನದ ಊಟದ ಮೇಲೆ, ಸುಗ್ಗಿ ಮುಗಿದು ಖಾಲಿಯಾಗಿದ್ದ ಗೋಡೌನಿನ ಬಾಗಿಲು ಹಾಕಿಸಿ, ಕಿಟಕಿಗಳಿಗೆ ಗೋಣಿತಟ್ಟು ಬಡಿಸಿ ಕತ್ತಲು ಮಾಡಿದೆವು. ತಗಡಿನ ಸೂರು ಕಾದು ಕೆಂಡ. ಶೇಂಗಾ ಹೊಟ್ಟಿನ ವಾಸನೆ. ಅಷ್ಟಗಲ ಪಂಚೆಯನ್ನೇ ಪರದೆ ಮಾಡಿ ಕಟ್ಟಿ, ಎಡಗಡೆ ಗೊಂಬೆಗೆ ಒಂದು ಬಲ್ಬು, ಬಲಗಡೆ ಚಿತ್ರಕ್ಕೆ ನನ್ನ ಪ್ರೊಜೆಕ್ಟರು. ನಾನೂ ಪರದೆಯ ಹಿಂದೆಯೇ, ಎಣ್ಣೆ ಡಬ್ಬದ ಮೇಲೆ ಪ್ರೊಜೆಕ್ಟರಿಟ್ಟುಕೊಂಡು ಕೂತಿದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹನುಮಕ್ಕ. ನಮ್ಮ ಮುಂದೆ, ಬೆನ್ನು ಈ ಕಡೆ ಮಾಡಿಕೊಂಡು, ಈರಣ್ಣ ಮತ್ತು ತಿಪ್ಪೇಶ. ಆಟ ನಡೆಯುವಾಗ ಅವರು ಪರದೆಯಿಂದ ಕಣ್ಣು ಕೀಳುವುದಿಲ್ಲ.

ಆಟ ಚೆನ್ನಾಗಿಯೇ ಹತ್ತಿಕೊಂಡಿತು. ಸಿಡುಬಿನ ಭಾಗದಲ್ಲಿ ಲಸಿಕೆ ಹಾಕುವವನನ್ನು ಕಂಡು ಕೋಡಂಗಿ ಗೊಂಬೆ ಓಡಿದಾಗ ಮುದುಕಿಯರೆಲ್ಲ ತಮ್ಮ ತೋಳಿನ ಹಳೆಯ ಗುಂಡು ಕಲೆ ಮುಟ್ಟಿ ನೋಡಿಕೊಂಡು ನಕ್ಕರಂತೆ. ಪ್ಲೇಗಿನ ಖಾಲಿ ಬೀದಿಯ ಚಿತ್ರ ಬಿದ್ದಾಗ ಗೋಡೌನು ಗಪ್‌ಚುಪ್. ಕ್ಷಯದ ಕ್ರಿಮಿಯ ಚಿತ್ರ, ಸೂಕ್ಷ್ಮದರ್ಶಕದಲ್ಲಿ ಕಾಣುವ ಕೆಂಪು ಕಡ್ಡಿಗಳು, ಬಂದಾಗ ಕೋಡಂಗಿ ಬಲಗಡೆಗೆ ನೆಗೆದು ಚಪ್ಪಲಿಯಲ್ಲಿ ಅವನ್ನು ಬಾರಿಸಿದ. ಹೆಂಗಸರು "ಹಾಕು, ಇನ್ನೊಂದು ಹಾಕು" ಅಂತ ಎದ್ದು ನಿಂತು ಕುಣಿದರು. ಆ ಕುಣಿತಕ್ಕೆ ನೆಲದ ಹೊಟ್ಟಿನ ಧೂಳೆಲ್ಲ ಎದ್ದಿತು.

ಕೊನೆಯದು ಗಡಿ ದಾಟಿಸುವ ಭಾಗ. ಈರಣ್ಣ ರೋಗದ ತಾಯಿಯನ್ನು ಎಡತುದಿಯಿಂದ ನಿಧಾನಕ್ಕೆ ನಡೆಸಿಕೊಂಡು ಬರಬೇಕು, ನನ್ನ ಚಿತ್ರದಲ್ಲಿರುವ ಗಡಿಕಲ್ಲು ದಾಟಿ ಅವಳು ಮರೆಯಾಗಬೇಕು. ಅಲ್ಲಿಯವರೆಗೂ ಪದ ನಿಲ್ಲಬಾರದು. "ಉಂಡ ಎಡೆಯ ಎತ್ತಿಕೊಂಡು ಬಂದ ದಾರಿ ಹಿಡಿಯೆ ತಾಯಿ" ಅಂತ ಹನುಮಕ್ಕ ಎತ್ತಿಕೊಂಡಳು. "ಪೋ ತಲ್ಲೀ ಪೋ" ಅಂತ, ಹೋಗು ತಾಯಿ ಹೋಗು ಅನ್ನುವ ತೆಲುಗಿನ ಸೊಲ್ಲು ಬಂತು. ಎರಡನೇ ಸಲ ಆ ಸೊಲ್ಲು ಎತ್ತುವಾಗ ಅವಳ ಎದೆ ಜಗ್ಗಿದ್ದನ್ನು ನೋಡಿದೆ. ಧೂಳು ಗಂಟಲಿಗೆ ಹೋಗಿತ್ತು. ಅವಳು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಕಣ್ಣು ಹೊರಗೆ ಬಂದವು, ನೀರು ಇಳಿಯಿತು, ಭುಜ ಕುಣಿಯುತ್ತಿತ್ತು. ಅಯ್ಯೋ ದೇವರೇ, ಮುಗಿಯಿತು ಅಂದುಕೊಂಡೆ. ಹೌದು, ನಾನೂ ದೇವರೇ ಅಂದೆ, ನಗುವವರು ನಗಲಿ. ಸನಾದಿಯನ್ನಾದರೂ ಹಾಕಿ ಮುಚ್ಚೋಣ ಅಂತ ಟೇಪ್ ರೆಕಾರ್ಡರಿನ ಕಡೆ ಕೈ ಚಾಚಿದೆ.

ಆಗ ಗೊತ್ತಾಯಿತು, ಪದ ನಿಂತೇ ಇರಲಿಲ್ಲ.

ಮದ್ದಲೆ ತಪ್ಪಿರಲಿಲ್ಲ. ಗೊಂಬೆ ನಡೆಯುತ್ತಿತ್ತು. ಹೆಣ್ಣು ದನಿಯೊಂದು ಹಾಡುತ್ತಿತ್ತು. ನಾನು ಹನುಮಕ್ಕನ ಮುಖ ನೋಡಿದೆ. ಬಾಯಿ ತುಂಬ ಬಟ್ಟೆ. ನಂಬಿಕೆಯಾಗದೆ ಅವಳ ಬೆನ್ನಿನ ಮೇಲೆ ಕೈ ಇಟ್ಟೆ. ಹಾಡುವವರ ಬೆನ್ನು ಝುಂ ಅನ್ನುತ್ತದೆ, ನೀವು ಬೇಕಾದರೆ ಮುಟ್ಟಿ ನೋಡಿ. ಅವಳ ಬೆನ್ನು ಕೆಮ್ಮನ್ನು ಅದುಮುತ್ತಾ ಅದುರುತ್ತಿತ್ತು ಅಷ್ಟೆ, ಅದರೊಳಗೆ ಪದ ಇರಲಿಲ್ಲ. ದನಿ ಇವಳದಕ್ಕಿಂತ ಸ್ವಲ್ಪ ದಪ್ಪ, ಆತುರವಿಲ್ಲದ್ದು. ಎಲ್ಲಿಂದ ಬಂತು ಅಂದರೆ ಪರದೆಯ ಈಚೆಯಿಂದಲೇ, ನಾವು ಕೂತಿದ್ದಲ್ಲಿಂದಲೇ. ಇದಕ್ಕಿಂತ ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಹಾಡುತ್ತಿದ್ದುದು ನಾವು ಅಭ್ಯಾಸ ಮಾಡಿದ ಪದವೂ ಅಲ್ಲ.

"ಬೇಲಿಯಾಚೆ ಗುಡಿಸಲಲ್ಲಿ ಬಿಟ್ಟು ಬಂದಿರಿ ನನ್ನ, ಕಲ್ಲ ಮೇಲೆ ಅನ್ನವಿಟ್ಟು ತಿರುಗಿ ನೋಡಲಿಲ್ಲ. ಕೆಮ್ಮೂ ನಂದೇ, ಪದವೂ ನಂದೇ, ನಿಲ್ಲಿಸೋರು ಯಾರು?"

ಗೊಂಬೆ ಗಡಿಕಲ್ಲಿನ ಹತ್ತಿರ ಬಂದಿತ್ತು. ಹನುಮಕ್ಕ ಸೆರಗು ಕಿತ್ತು, ಉಸಿರೆಳೆದು, ಬಾಯಿ ತೆರೆದಳು. ಕೊನೆಯ "ಪೋ ತಲ್ಲೀ ಪೋ" ಅವಳೇ ಹಾಡಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ದನಿ ಎಲ್ಲಿ ಬಿಟ್ಟಿತು, ಈ ದನಿ ಎಲ್ಲಿ ಹಿಡಿಯಿತು ಅನ್ನುವುದು ನನಗೆ ತಿಳಿಯಲಿಲ್ಲ. ಹೊರಗೆ ಚಪ್ಪಾಳೆಯೋ ಚಪ್ಪಾಳೆ.

ಈರಣ್ಣ ಮಾತ್ರ ಗೊಂಬೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಸಿದು ಕೂತಿದ್ದ.  ಜನ ಕರಗಿದ ಮೇಲೆ ಬಾಯಿಬಿಟ್ಟ. "ಓಬಿ ಬಂದಿದ್ಲು. ಅದು ಅವಳ ದನಿ. ನೀರಿಗೆ ಬಿಡಬೇಕಾದ ತೊಗಲಿಗೆ ಕತ್ರಿ ಇಟ್ಟೆ, ಅದ್ಕೇ ಬಂದ್ಲು. ಇನ್ನ ಈ ಪರದೆ ಹಿಂದೆ ಯಾವ ಹೆಂಗ್ಸೂ ಕೂರಂಗಿಲ್ಲ. ಜಾಗ ಅವಳದು. ಪೆಟ್ಟಿಗೆ ಕಟ್ಲೇ ತಿಪ್ಪೇಶ, ಆಟ ಇವತ್ತಿಗೆ ಮುಗೀತು."

ತಿಪ್ಪೇಶ ಹಗ್ಗಕ್ಕೆ ಕೈ ಹಾಕಿದ. ಹನುಮಕ್ಕ ಪೆಟ್ಟಿಗೆಯ ಮೇಲೆ ಹೋಗಿ ಕೂತುಬಿಟ್ಟಳು. ಆ ಮನೆತನದಲ್ಲಿ ಯಾವ ಸೊಸೆಯೂ ಹಾಗೆ ಕೂತಿರಲಾರಳು.

"ಯಾಕೆ ಮಾವ? ನಾನು ಹಾಡಿದ್ರೆ ಅತ್ತೆ ಹೆಸ್ರಿಗೆ ಯಾಕೆ ಬರೀತೀರಿ? ತೊಗಲು ಹಾಡಲ್ಲ, ಹೆಂಗ್ಸು ಹಾಡ್ತಾಳೆ."

"ಆ ಪದ ನಿಂಗೆಂಗೆ ಬರ್ತೈತೆ? ಅದನ್ನ ಅವಳು ಗುಡ್ಲಾಗೆ ಕಟ್ಟಿದ್ದು. ದೂರದಿಂದ ಕೇಳಿದ್ದು ನಾನೊಬ್ನೇ."

"ನಿಮ್ಮೊಬ್ರಿಗೇ ಅಂತ ನೀವು ಅನ್ಕಂಡಿದ್ದೀರಿ. ಅನ್ನ ಇಡಾಕೆ ಹೋಗ್ತಿದ್ದೋರು ಹೆಂಗಸ್ರಲ್ವಾ? ಹಟ್ಟಿ ಹೆಂಗಸ್ರಿಗೆಲ್ಲಾ ಆ ಪದ ಬರ್ತೈತೆ ಮಾವ. ಕಳೆ ಕೀಳುವಾಗ ಹಾಡ್ತೀವಿ, ಬೀಸುವಾಗ ಹಾಡ್ತಿದ್ವಿ. ನಿಮ್ಮ ಮುಂದೆ ಹಾಡಲ್ಲ, ಅಷ್ಟೇಯ."

 ಮುದುಕನನ್ನು ನೋಡಲು ನನಗೆ ಆಗಲಿಲ್ಲ. ಇಷ್ಟು ವರ್ಷ ತಾನೊಬ್ಬನೇ ಹೊತ್ತುಕೊಂಡಿದ್ದೇನೆ ಅಂದುಕೊಂಡಿದ್ದನ್ನು ಇಡೀ ಹಟ್ಟಿ ಅವನ ಬೆನ್ನ ಹಿಂದೆ ಹಾಡುತ್ತಿತ್ತು. ಆದರೂ ಅವನು ತಲೆ ಅಲ್ಲಾಡಿಸಿದ. "ಪದ ಇರ್ಲಿ. ದನಿ? ದನಿ ಅವಳದೇ." ಆಮೇಲೆ ನನ್ನ ಕಡೆ ತಿರುಗಿದ. "ಟೀಚರಮ್ಮ, ನೀವು ಇವಳ ಮಗ್ಗುಲಾಗೇ ಕುಂತಿದ್ರಿ. ನೀವು ದೇವ್ರು ದೆವ್ವ ಅನ್ನೋರಲ್ಲ. ನೀವೇ ಹೇಳ್ರಿ. ಹಾಡಿದ್ಯಾರು?"

ಮೂವರೂ ನನ್ನನ್ನೇ ನೋಡುತ್ತಿದ್ದರು. ಕಂಡದ್ದನ್ನು ಹೇಳಿದರೆ ಹನುಮಕ್ಕನ ಜಾಗ ಅವತ್ತಿಗೆ ಹೋಯಿತು. ರೋಗ ಬಂದಾಗ ರೋಗದ ನೆಪ, ವಾಸಿಯಾದಾಗ ದೆವ್ವದ ನೆಪ. ಇವಳನ್ನು ಬೇಲಿಯಾಚೆ ಇಡಲು ಇವರಿಗೆ ಏನಾದರೊಂದು ಸಿಕ್ಕೇ ಸಿಗುತ್ತದೆ ಅಂತ ನನಗೆ ಮೈಯೆಲ್ಲ ಉರಿಯಿತು.

"ಹನುಮಕ್ಕನೇ ಹಾಡಿದ್ದು" ಅಂದೆ. "ನಾನು ಕಣ್ಣಾರೆ ನೋಡಿದ್ದೀನಿ. ನಿಮ್ಮ ಮಾತು ನೀವು ಉಳಿಸ್ಕೊಳ್ಳಿ ಈರಣ್ಣ."

 ಈರಣ್ಣ ರೋಗದ ತಾಯಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಎದ್ದ. "ಇಳಿಯವ್ವಾ ಪೆಟ್ಟಿಗೆ ಮ್ಯಾಲಿಂದ, ದೇವ್ರವೆ ಒಳಗೆ" ಅಂದ. "ಮುಂದ್ಲ ಸೋಮವಾರ ಆಟ ಐತೆ. ಗಂಟ್ಲು ನೋಡ್ಕ." ಅಷ್ಟೇ ಹೇಳಿದ್ದು.

ಅವಳು ಆಮೇಲೆ ಎಷ್ಟೋ ವರ್ಷ ಹಾಡಿದಳು. ನಮ್ಮ ಆಟವನ್ನು ನಾಯಕನಹಟ್ಟಿ, ಮೊಳಕಾಲ್ಮುರು ಅಂತ ಬಸ್ಸಿನ ಮೇಲೆ ಪೆಟ್ಟಿಗೆ ಹೇರಿಕೊಂಡು ಹೋಗಿ ಆಡಿದೆವು. ಬೇಲಿಯಾಚೆಯ ಪದ ಪ್ರತಿ ಆಟದಲ್ಲೂ ಇತ್ತು, ಈರಣ್ಣನ ಎದುರಿಗೇ. ಆ ದಪ್ಪ ದನಿಯನ್ನು ಮಾತ್ರ ನಾನು ಮತ್ತೆ ಕೇಳಲಿಲ್ಲ. ನಾನೇನು ಸುಮ್ಮನೆ ಕೂತವಳಲ್ಲ. ಗೋಡೌನಿಗೆ ಮತ್ತೆ ಹೋಗಿ ಸೂರಿನ ಮಾರ್ದನಿ ಪರೀಕ್ಷಿಸಿದೆ. ಕ್ಯಾಸೆಟ್ಟನ್ನು ಎರಡೂ ಕಡೆ ಪೂರ್ತಿ ಕೇಳಿದೆ, ಹಲಗೆ ಮತ್ತು ಸನಾದಿ ಬಿಟ್ಟರೆ ಏನಿಲ್ಲ. ಎದುರಿಗೆ ಕೂತಿದ್ದ ಹೆಂಗಸರಲ್ಲಿ ಆ ಹಟ್ಟಿಯವರು ಯಾರಾದರೂ ಇದ್ದು ದನಿಗೂಡಿಸಿದರೇ ಅಂತ ವಿಚಾರಿಸಿದೆ, ಯಾರೂ ಹೂಂ ಅನ್ನಲಿಲ್ಲ. ನನ್ನ ಕಿವಿಯೇ ಮೋಸ ಮಾಡಿತೆಂದರೆ, ಈರಣ್ಣನ ಕಿವಿಯೂ ಅದೇ ಹೊತ್ತಿಗೆ ಅದೇ ಮೋಸ ಮಾಡಬೇಕಿತ್ತಲ್ಲ? ಓಬಕ್ಕನ ಆತ್ಮ ಅಂತ ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಏನೂ ಆಗಲಿಲ್ಲ ಅನ್ನಲೂ ಏಳುವುದಿಲ್ಲ. ಎರಡೂ ಕಡೆಯವರು ನನ್ನನ್ನು ತಮ್ಮ ಕಡೆ ಎಳೆಯಲು ನೋಡಿದ್ದಾರೆ, ನಾನು ಯಾರ ಕಡೆಗೂ ಹೋಗಿಲ್ಲ.

ಸುಳ್ಳು ಸಾಕ್ಷಿ ಹೇಳಿದಿರಿ ಅಂತ ನೀವು ಅನ್ನಬಹುದು. ಅನ್ನಿ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಅದು ಸುಳ್ಳೇ ಹೌದಾ ಅನ್ನುವುದೇ ನನಗೆ ಗೊತ್ತಿಲ್ಲ. ಅವತ್ತು ಸಂಜೆ ಸಾಮಾನು ಕಟ್ಟುವಾಗ, ಗಂಡಸರು ಹೊರಗೆ ಟೆಂಪೋ ಹತ್ತಿರ ಇದ್ದರು. ಹನುಮಕ್ಕ ಪರದೆಯ ಪಂಚೆ ಮಡಚುತ್ತಿದ್ದಳು, ನಾನು ಇನ್ನೊಂದು ತುದಿ ಹಿಡಿದಿದ್ದೆ. ಮಡಿಕೆ ಕೂಡಿಸಲು ಹತ್ತಿರ ಬಂದಾಗ, ಮಾವನೆದುರು ಪೆಟ್ಟಿಗೆ ಏರಿ ಕೂತಿದ್ದ ಆ ಹೆಣ್ಣು ನನ್ನ ಮುಖ ನೋಡದೆ, ಬಲು ಮೆಲ್ಲಗೆ ಕೇಳಿದಳು:

"ಟೀಚರಮ್ಮ, ನಾನು ಎಲ್ಲೀತನ ಹಾಡಿದೆ?"

ನಾನು ನನ್ನ ತುದಿಯನ್ನು ಅವಳ ತುದಿಗೆ ಕೂಡಿಸಿ ಕೊಟ್ಟೆ.

"ಕೊನೇತನಕ ಹಾಡಿದೆ ಕಣವ್ವಾ" ಅಂದೆ.